ಕೇಳದವರು, ಹೇಳುವವರು, ಸಾಕಾದವರು

ನಾನು ಎಂ.ಎಸ್ಸಿ. ಗಣಿತ ಓದುವಾಗ ನಮಗೊಂದು ವಿಷಯವಿತ್ತು. ಸುತ್ತಲಿನ ಸಮಸ್ಯೆಗಳನ್ನು ಸಮೀಕರಣಗಳಾಗಿ ಬರೆದು, ಬಿಡಿಸಿ, ಬಂದ ಉತ್ತರ ಲೋಕಕ್ಕೆ ಹೊಂದುತ್ತದೆಯೇ ಎಂದು ನೋಡುವುದು. ಕ್ಲಾಸಿನಲ್ಲಿ ಎಲ್ಲರೂ ಅದನ್ನು ಮಾಡೆಲಿಂಗ್ ಎನ್ನುತ್ತಿದ್ದೆವು. ಊರಲ್ಲಿ ಮಾತ್ರ ಆ ಹೆಸರು ಎತ್ತುವಂತಿರಲಿಲ್ಲ. ಒಮ್ಮೆ ಹೊನ್ನಾಳಿಯ ಚಿಕ್ಕಮ್ಮನ ಮನೆಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಚಿಕ್ಕಮ್ಮ ಒಲೆ ಆರಿಸಿ ಬಂದು ನನ್ನೆದುರು ಕೂತಳು.

“ಮಾಡಲಿಂಗಾ? ನಿಮ್ಮಪ್ಪಂಗೆ ಗೊತ್ತೈತೇನೇ?”

ಅಂದಿನಿಂದ ಯಾರು ಕೇಳಿದರೂ “ಲೆಕ್ಕ ಓದ್ತಿದೀನಿ” ಎಂದಷ್ಟೇ ಹೇಳುತ್ತಿದ್ದೆ. ಲೆಕ್ಕ ಎಂದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಕೇಳಿದವರು ಮಳೆಯ ವಿಷಯಕ್ಕೋ ಮದುವೆಯ ವಿಷಯಕ್ಕೋ ಹೋಗಿಬಿಡುತ್ತಿದ್ದರು.

ಅಪ್ಪನಿಗೂ ಇದೇ ಪಾಡು. ನ್ಯಾಮತಿಯಲ್ಲಿ ಅವನದು ಹಿಟ್ಟಿನ ಗಿರಣಿ. ಬೀಸಲು ಬಂದವರು ಚೀಲ ಇಳಿಸಿ, ಶಬ್ದದ ನಡುವೆ ಕೂಗಿ ಕೇಳುವರು, “ಮಗಳು ಏನ್ ಓದ್ತಾಳ್ರೀ?” ಅಪ್ಪ ಕೂಗುವನು, “ಲೆಕ್ಕ!” ಅವರು ಒಂದಿಷ್ಟು ಯೋಚಿಸಿ, “ಲೆಕ್ಕ ಓದಿ ಏನ್ ಮಾಡ್ತಾಳೆ?” ಎನ್ನುವರು. ಅಪ್ಪ ಜೋಳ ಸುರಿಯುವ ಕಡೆ ತಿರುಗಿಕೊಳ್ಳುವನು. ಮೊದಲೇ ಅವನು ಮಾತು ಕಡಿಮೆಯ ಮನುಷ್ಯ. ಇಡೀ ದಿನ ಗಿರಣಿಯ ಸದ್ದಿನಲ್ಲಿ ನಿಂತವನಿಗೆ ಸಂಜೆ ಮನೆಗೆ ಬಂದು ಇನ್ನಷ್ಟು ಸದ್ದು ಮಾಡುವ ಆಸೆ ಇರುವುದಿಲ್ಲ ಎಂದು ಅಮ್ಮ ಅವನ ಪರವಾಗಿ ಹೇಳುತ್ತಿದ್ದಳು. ಅಮ್ಮ ಅಂಗನವಾಡಿ ಟೀಚರ್. ಮನೆಯ ಪಾಲಿನ ಮಾತನ್ನೆಲ್ಲ ಅವಳೊಬ್ಬಳೇ ಆಡುತ್ತಿದ್ದಳು.

ಮಾಡೆಲಿಂಗ್ ಕಲಿಸುತ್ತಿದ್ದ ಸರ್ ಬಹಳ ಒಳ್ಳೆಯವರು. ಅವರ ನಾಲಿಗೆಯ ತುದಿಯಲ್ಲಿ ಸದಾ ಇರುತ್ತಿದ್ದ ಮಾತು “ಅಂದುಕೊಳ್ಳೋಣ”. ಬಿಸಿ ಚಹಾ ಆರುವುದನ್ನು ಸಮೀಕರಣ ಮಾಡುವಾಗ, ಗಾಳಿ ಆಡುತ್ತಿಲ್ಲ ಅಂದುಕೊಳ್ಳೋಣ ಎಂದರು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ತೊಟ್ಟಿಯಿಂದ ನೀರು ಖಾಲಿಯಾಗುವ ಲೆಕ್ಕದಲ್ಲಿ, ತೊಟ್ಟಿ ಎಲ್ಲೂ ಸೋರುವುದಿಲ್ಲ ಅಂದುಕೊಳ್ಳೋಣ ಎಂದರು. ನಮ್ಮ ಹಾಸ್ಟೆಲ್ಲಿನ ತೊಟ್ಟಿಯನ್ನು ಬಲ್ಲ ಹುಡುಗಿಯರೆಲ್ಲ ತಲೆ ತಗ್ಗಿಸಿ ನಕ್ಕೆವು. ಹೀಗೆ ಒಂದೊಂದೇ ಅಂದುಕೊಳ್ಳುತ್ತಾ ಹೋದರೆ ಕೊನೆಗೆ ಲೋಕ ಬಹಳ ಸರಳವಾಗಿ, ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ಬಂದು ನಿಲ್ಲುತ್ತಿತ್ತು. ಅದನ್ನು ನೋಡುವುದೇ ಒಂದು ಸುಖ. ನಿಜ ಹೇಳುತ್ತೇನೆ, ನನಗೆ ಆ ವಿಷಯ ಬಹಳ ಇಷ್ಟವಾಗಿತ್ತು.

ಒಂದು ದಿನ ಜ್ವರ ಹರಡುವ ಮಾದರಿ ಬಂತು. ಸರ್ ಬೋರ್ಡಿನ ಮೇಲೆ ಒಂದು ಊರನ್ನು ಚೌಕವಾಗಿ ಬರೆದರು. “ಈ ಊರಿನ ಜನ ಎಲ್ಲರೂ ಎಲ್ಲರನ್ನೂ ಸಮಾನವಾಗಿ ಭೇಟಿಯಾಗುತ್ತಾರೆ ಅಂದುಕೊಳ್ಳೋಣ.”

ನನ್ನ ಪಕ್ಕ ಕೂತಿದ್ದ ಗೆಳತಿ ಕೈ ಎತ್ತಿದಳು. ಅವಳು ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು. ಅವರ ಮನೆ ಊರಾಚೆಯ ಬೀದಿಯಲ್ಲಿತ್ತು. ಆ ಬೀದಿಯವರನ್ನು ಊರೊಳಗಿನವರು ಎಷ್ಟು ಸಮಾನವಾಗಿ ಭೇಟಿಯಾಗುತ್ತಾರೆ ಎನ್ನುವುದು ಅವಳಿಗೆ ಪುಸ್ತಕ ನೋಡದೆಯೇ ಗೊತ್ತಿತ್ತು.

“ಯಾವ ಊರಾಗೆ ಸರ್?” ಎಂದಳು.

ಸರ್ ಸೀಮೆಸುಣ್ಣದಿಂದ ಚೌಕದ ಮೇಲೆ ಕುಟ್ಟಿದರು. “ಗಣಿತದ ಊರಲ್ಲಿ ಕಣಮ್ಮ.”

ಅವಳು ನನ್ನ ಕಡೆ ಬಾಗಿ, “ಆ ಊರಿಗೆ ಬಸ್ ಐತೇನು ಕೇಳು” ಎಂದಳು. ಆಮೇಲೆ ಮುಂದಿನ ಸಮೀಕರಣವನ್ನು ಎಲ್ಲರಿಗಿಂತ ಮೊದಲು ಬಿಡಿಸಿ ಕೊಟ್ಟಳು. ಅವಳು ಹಾಗೆಯೇ. ನಂಬದ ಲೆಕ್ಕವನ್ನೂ ಚೊಕ್ಕವಾಗಿ ಮಾಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಪ್ರಾಜೆಕ್ಟು ಆರಿಸಿಕೊಳ್ಳಬೇಕಾಯಿತು. ಇಬ್ಬಿಬ್ಬರು ಸೇರಿ, ತಮ್ಮ ತಮ್ಮ ಊರಿನ ಕಡೆಯ ಒಂದು ಸಮಸ್ಯೆಯನ್ನು ಮಾದರಿ ಮಾಡಬೇಕು. ಕೆಲವರು ಬಸ್ ಸ್ಟ್ಯಾಂಡಿನ ಗದ್ದಲ ಹಿಡಿದರು, ಕೆಲವರು ಮೆಕ್ಕೆಜೋಳದ ದರ ಹಿಡಿದರು. ನಾನು ಮತ್ತು ಬಿಳಿಚೋಡಿನ ಗೆಳತಿ ಜೊತೆಯಾದೆವು. ನಮಗೆ ಏನೂ ಹೊಳೆಯದೆ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತಿದ್ದಾಗ ನಾನು ಸುಮ್ಮನೆ ಹೇಳಿದೆ, ದಸರಾ ರಜೆಯಲ್ಲಿ ನಮ್ಮೂರಲ್ಲಿ ಚಿರತೆ ಬಂದಿದೆ ಎಂದು ಭಾರೀ ಸುದ್ದಿಯಾಗಿತ್ತು, ಮೆಕ್ಕೆಜೋಳ ಆಳೆತ್ತರ ನಿಂತ ಕಾಲ, ಯಾರೋ ಹೊಲದಲ್ಲಿ ಏನೋ ಸರಿದಾಡಿದ್ದನ್ನು ಕಂಡರು, ಎಂಟು ಹತ್ತು ದಿನ ಎಲ್ಲರೂ ಅದನ್ನೇ ಮಾತಾಡಿ ಆಮೇಲೆ ಮರೆತರು ಎಂದು.

“ನಮ್ಮೂರಿಗೂ ಬಂದಿತ್ತಲ್ಲೇ ಆ ಸುದ್ದಿ!” ಎಂದಳು ಅವಳು. “ನಿಮ್ಮ ನ್ಯಾಮತಿಯಿಂದ ನಮ್ಮ ಬಿಳಿಚೋಡಿಗೆ ಚಿರತೆ ಹೆಂಗೆ ಬಂತು?”

ಹೀಗೆ ನಮ್ಮ ಪ್ರಾಜೆಕ್ಟು ಸಿಕ್ಕಿತು. ಸರ್‌ಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಸುದ್ದಿಗೂ ಜ್ವರಕ್ಕೂ ಸಮೀಕರಣ ಹೆಚ್ಚು ಕಡಿಮೆ ಒಂದೇ ಎಂದು ವಿವರಿಸಿದರು. ಊರಿನ ಜನರಲ್ಲಿ ಮೂರು ಗುಂಪು. ಸುದ್ದಿ ಇನ್ನೂ ಕೇಳದವರು, ಕೇಳಿ ಹೇಳುತ್ತಾ ತಿರುಗುವವರು, ಹೇಳಿ ಹೇಳಿ ಸಾಕಾದವರು. ಹೇಳುವವನು ಕೇಳದವನಿಗೆ ಸಿಕ್ಕರೆ ಅವನೂ ಹೇಳುವವನಾಗುತ್ತಾನೆ. ಹೇಳುವವನು ಇನ್ನೊಬ್ಬ ಹೇಳುವವನಿಗೆ ಸಿಕ್ಕರೆ “ಅಯ್ಯೋ, ನಂಗೂ ಗೊತ್ತು ಬಿಡ್ರಿ” ಎಂಬ ಮಾತು ಬರುತ್ತದೆ. ಅಲ್ಲಿಗೆ ಅವನ ಉತ್ಸಾಹ ಇಳಿದು ಸಾಕಾದವರ ಗುಂಪಿಗೆ ಸೇರುತ್ತಾನೆ. ಸಾಕಾದವರು ಮತ್ತೆ ಹಿಂದಕ್ಕೆ ಬರುವುದಿಲ್ಲ. ಬಾಣದ ಗುರುತುಗಳೆಲ್ಲ ಒಂದೇ ದಿಕ್ಕಿಗೆ. ಇದರಿಂದ ತಮಾಷೆಯ ಒಂದು ಉತ್ತರ ಬರುತ್ತದೆ. ಎಷ್ಟೇ ಜೋರು ಸುದ್ದಿಯಾದರೂ ಊರಿನಲ್ಲಿ ಕೆಲವರಿಗೆ ಅದು ಮುಟ್ಟುವ ಮೊದಲೇ ಸತ್ತುಹೋಗುತ್ತದೆ.

“ನೀವು ಊರೂರಿಗೆ ಹೋಗಿ ಆ ಕೆಲವರನ್ನು ಹುಡುಕಿ” ಎಂದರು ಸರ್.

ನಾವು ಒಂದು ಪ್ರಶ್ನಾವಳಿ ಮಾಡಿಕೊಂಡು ಹೊರಟೆವು. ಮೊದಲ ಪ್ರಶ್ನೆ, ನೀವು ಚಿರತೆಯ ಸುದ್ದಿ ಕೇಳಿದ್ದೀರಾ? ಎರಡನೆಯದು, ಯಾರಿಂದ, ಯಾವಾಗ? ಮೂರನೆಯದು, ನೀವು ಯಾರಿಗೆ ಹೇಳಿದಿರಿ?

ಎಡವಟ್ಟು ಮೊದಲ ಪ್ರಶ್ನೆಯಲ್ಲೇ ಇತ್ತು. ನ್ಯಾಮತಿಯಲ್ಲಿ ನಮ್ಮ ಹಿಂದಿನ ಬೀದಿಯ ಒಬ್ಬ ಅಜ್ಜಿ, ನಿಜವಾಗಿಯೂ ಕೇಳದವಳು, ನಮ್ಮ ಸಿದ್ಧಾಂತಕ್ಕೆ ಬೇಕಾಗಿದ್ದ ಚಿನ್ನದಂಥ ಮುದುಕಿ, ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ಅಜ್ಜೀ, ಚಿರತೆ ಸುದ್ದಿ ಕೇಳಿದೀರಾ?” ಎಂದೆ.

“ಎಲ್ಲೈತೆ?” ಎಂದು ಅಜ್ಜಿ ಮೊರ ಬಿಟ್ಟು ಎದ್ದಳು. ನಾವು ಮುಂದಿನ ಮನೆಗೆ ಹೋಗುವಷ್ಟರಲ್ಲಿ ಆಕೆ ನಮಗಿಂತ ಮುಂದೆ ಆ ಮನೆಯ ಬಾಗಿಲಲ್ಲಿದ್ದಳು. ಕೇಳದವರ ಗುಂಪಿನಿಂದ ಹೇಳುವವರ ಗುಂಪಿಗೆ ಒಬ್ಬರು ದಾಟುವುದನ್ನು ನಾವು ಕಣ್ಣಾರೆ ಕಂಡಿದ್ದು ಅದೊಂದೇ ಸಲ. ದಾಟಿಸಿದವರು ನಾವೇ ಎಂಬುದು ಆಗ ಹೊಳೆಯಲಿಲ್ಲ.

ಗಿರಣಿಗೂ ಹೋದೆವು. ಅಪ್ಪ ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ. ಮಗಳು ಹಾಳೆ ಹಿಡಿದು ಎದುರು ನಿಂತಿದ್ದು ಅವನಿಗೆ ನಾಚಿಕೆಯಾಗಿರಬೇಕು. ಟವೆಲ್‌ನಿಂದ ಮುಖ ಒರೆಸಿಕೊಂಡ.

“ಅಪ್ಪಾಜಿ, ಚಿರತೆ ಸುದ್ದಿ ಯಾರು ಹೇಳಿದ್ರು ನಿನಗೆ?”

“ಎಲ್ರೂ ಕೂಗ್ತಿದ್ರು. ಯಾರು ಅಂತ ಹೇಳಾಕಾಗ್ತದೆ?”

“ನೀನು ಯಾರಿಗೆ ಹೇಳಿದೆ?”

“ನಾನ್ಯಾಕೆ ಹೇಳ್ಲಿ?”

ಅಪ್ಪನ ಹೆಸರಿನ ಎದುರು ಸೊನ್ನೆ ಬರೆದೆ. ಗೆಳತಿ ಹಾಳೆ ನೋಡಿ ಹೊರಗೆ ಬಂದ ಮೇಲೆ ಹೇಳಿದಳು, “ಇಡೀ ಊರಾಗೆ ಇದೊಂದೇ ನೋಡು ಶುದ್ಧವಾದ ಸೊನ್ನೆ.” ಅಪ್ಪ ಮಾತ್ರ ನಾವು ಹೋಗುವವರೆಗೂ ಆ ಹಾಳೆಯನ್ನೇ ನೋಡುತ್ತಿದ್ದ. ಮೇಲೆ ಯೂನಿವರ್ಸಿಟಿಯ ಹೆಸರು ಅಚ್ಚಾಗಿತ್ತು, ಕೆಳಗೆ ದಪ್ಪ ಅಕ್ಷರದಲ್ಲಿ ‘ಚಿರತೆ’ ಎಂದಿತ್ತು.

ಹೊನ್ನಾಳಿಗೆ ಹೋದರೆ ಚಿರತೆಗೆ ಅಲ್ಲಿ ಎರಡು ಮರಿಗಳಾಗಿದ್ದವು. ಚಿಕ್ಕಮ್ಮನ ಬೀದಿಯವರ ಪ್ರಕಾರ ಅದು ಮರಿಗಳ ಸಮೇತ ಹೊಳೆಗೆ ಬಂದು ನೀರು ಕುಡಿದು ಹೋಗಿತ್ತು. ಕಂಡವರು ಯಾರು ಎಂದು ಕೇಳಿದರೆ ಪಕ್ಕದ ಬೀದಿಯತ್ತ ಕೈ ತೋರಿಸಿದರು. ಪಕ್ಕದ ಬೀದಿಯವರು ಈ ಬೀದಿಯತ್ತ ತೋರಿಸಿದರು. ಚನ್ನಗಿರಿಯಲ್ಲಿ ಅದು ಹುಲಿಯಾಗಿತ್ತು. ಅಲ್ಲಿ ಒಂದು ಹೊಲಿಗೆ ಕ್ಲಾಸಿನ ಹೆಂಗಸರನ್ನು ಒಟ್ಟಿಗೆ ಹಿಡಿದು ಕೇಳಿದೆವು. ಭದ್ರಾ ಕಾಡಿನ ಕಡೆಯಿಂದ ಬಂದದ್ದು, ಚಿರತೆ ಅನ್ನುವವರಿಗೆ ತಿಳಿವಳಿಕೆ ಇಲ್ಲ ಎಂದರು. ‘ಚಿರತೆಯ ಸುದ್ದಿ ಕೇಳಿದ್ದೀರಾ’ ಎಂಬ ಕಾಲಂನಲ್ಲಿ ಅವರಿಗೆ ‘ಇಲ್ಲ’ ಎಂದು ಬರೆಯಬೇಕೋ ‘ಹೌದು’ ಎಂದು ಬರೆಯಬೇಕೋ ತಿಳಿಯದೆ ಬಸ್ಸಿನಲ್ಲಿ ಇಡೀ ದಾರಿ ಜಗಳವಾಡಿದೆವು.

ಬಿಳಿಚೋಡಿನಲ್ಲಿ ಗೆಳತಿಯ ಮನೆಯಲ್ಲಿ ಉಳಿದೆವು. ಹೊರಗಿನ ಕೋಣೆಯಲ್ಲಿ ಬುದ್ಧನ ಚಿತ್ರ, ಅಡುಗೆಮನೆಯಲ್ಲಿ ಎಲ್ಲಮ್ಮನ ಚಿತ್ರ, ಎರಡಕ್ಕೂ ಒಂದೇ ಹಾರವನ್ನು ಕತ್ತರಿಸಿ ಹಾಕಿದ್ದರು. ಅವಳಜ್ಜಿ ರೊಟ್ಟಿ ಬಡಿಯುತ್ತಾ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟಳು.

“ನಮ್ಮ ಕಡೆ ತೋಳ ಕಣವ್ವ. ಕುರಿ ಹಿಂದೆ ಬರ್ತಾವೆ, ಹೋಗ್ತಾವೆ. ಚಿರತೆ ನಿಮ್ಮ ಕಡೇದು. ನಿಮ್ಮದನ್ನ ನಮಗ್ಯಾಕೆ ಕಳಿಸ್ತೀರಿ?”

ಅಲ್ಲಿಗೆ ಸುದ್ದಿ ತಲುಪಿದ್ದು ಮೊಬೈಲ್‌ನ ಒಂದು ಫೋಟೊದಿಂದ. ಕುರಿ ಕಾಯುವ ಒಬ್ಬರು ತೋರಿಸಿದರು. ಚಿರತೆಯೇನೋ ಹೌದು, ಆದರೆ ಅದು ನಿಂತಿದ್ದು ಹಿಮದ ಮೇಲೆ.

“ಇದು ಹಿಮ ಅಲ್ವಾ ಅಣ್ಣ?” ಎಂದೆ.

“ಹತ್ತಿ ಹೊಲ ಇರ್ಬೇಕು ಬಿಡ್ರಿ” ಎಂದು ಅವರು ಮೊಬೈಲ್ ಜೇಬಿಗಿಟ್ಟುಕೊಂಡರು.

ಇಷ್ಟಾದರೂ ಹಾಸ್ಟೆಲ್ಲಿಗೆ ಬಂದು ಎಲ್ಲವನ್ನೂ ಜೋಡಿಸಿ ಗ್ರಾಫ್ ಬಿಡಿಸಿದಾಗ ನಮ್ಮ ಕಣ್ಣು ನಮಗೇ ನಂಬಲಾಗಲಿಲ್ಲ. ಮರಿ, ಹುಲಿ, ಹಿಮ ಎಲ್ಲವೂ ಎಲ್ಲೋ ಕರಗಿಹೋಗಿ, ನಯವಾದ ಒಂದು ಗುಡ್ಡ ಮೂಡಿತ್ತು. ಸುದ್ದಿ ಏರಿ, ತುದಿ ಮುಟ್ಟಿ, ಇಳಿದಿತ್ತು. ಪುಸ್ತಕದಲ್ಲಿದ್ದಂತೆಯೇ. ಸರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ನೋಡಿದ್ರಾ? ಮನುಷ್ಯರು ಏನೇ ಮಾಡಲಿ, ಸಮೀಕರಣ ಬಿಟ್ಟು ಹೋಗಲ್ಲ” ಎಂದರು. ಆ ವಾರ ನಾವಿಬ್ಬರೂ ಕಾರಿಡಾರಿನಲ್ಲಿ ನಡೆಯುತ್ತಿದ್ದ ರೀತಿಯೇ ಬೇರೆಯಾಗಿತ್ತು. ಇನ್ನುಳಿದದ್ದು ಟೈಪ್ ಮಾಡಿಸಿ ಬೈಂಡ್ ಹಾಕಿಸುವುದು ಮಾತ್ರ.

ಅಷ್ಟರಲ್ಲಿ ಅಮ್ಮನ ಫೋನ್ ಬಂತು.

“ಈ ಸಲ ಊರಿಗೆ ಬರೋದಾದ್ರೆ ಹೊತ್ತು ಮುಳುಗೋದ್ರೊಳಗೆ ಬಾ. ಚಿರತೆ ಮತ್ತೆ ಬಂದೈತಂತೆ.”

“ಯಾವ ಚಿರತೆ?”

“ಅದೇ ಕಣೇ, ನೀವು ಬರಕೊಂಡು ಹೋದ್ರಲ್ಲ, ಅದು.”

ಕಟಾವು ಮುಗಿದಿತ್ತು. ಹೊಲಗಳಲ್ಲಿ ಜೋಳದ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ಇಲಿ ಓಡಿದರೂ ಕಾಣುವಷ್ಟು ಬಯಲು. ಅಡಗಿಕೊಳ್ಳಲು ಜಾಗವಿದ್ದಾಗ ಎಂಟು ಹತ್ತು ದಿನಕ್ಕೆ ಸತ್ತಿದ್ದ ಚಿರತೆ, ಅಡಗಿಕೊಳ್ಳಲು ಏನೂ ಇಲ್ಲದ ಕಾಲಕ್ಕೆ ಎದ್ದು ಕೂತಿತ್ತು. ಜನ ಸಂಜೆ ಹೊಲದಿಂದ ಬೇಗ ಮರಳುತ್ತಿದ್ದರು. ಅಮ್ಮನ ಅಂಗನವಾಡಿಗೆ ಮಕ್ಕಳನ್ನು ಅಪ್ಪಂದಿರೇ ಕೋಲು ಹಿಡಿದು ಬಿಟ್ಟು ಹೋಗುತ್ತಿದ್ದರು. ಹೊನ್ನಾಳಿಯಿಂದ ಚಿಕ್ಕಮ್ಮ ಫೋನ್ ಮಾಡಿ, ಮರಿಗಳು ದೊಡ್ಡವಾಗಿವೆಯಂತೆ ಎಂದಳು.

ಗೆಳತಿ ನಮ್ಮ ಗ್ರಾಫನ್ನು ಮುಂದಿಟ್ಟುಕೊಂಡು ಕೂತಳು. ಫೋನಿನಲ್ಲಿ ಕೇಳಿದ್ದನ್ನು ಸೇರಿಸಿದರೆ, ಗುಡ್ಡ ಇಳಿದ ಮೇಲೆ ಅದರ ಪಕ್ಕ ಇನ್ನೊಂದು ಗುಡ್ಡ, ಮೊದಲಿನದಕ್ಕಿಂತ ಎತ್ತರದ್ದು, ಏಳುತ್ತಿತ್ತು.

“ಸಾಕಾದೋರು ಮತ್ತೆ ಹೇಳಾಕೆ ಶುರು ಮಾಡ್ಯಾರೆ ಕಣೇ” ಎಂದಳು. “ಆ ಕಡೆಯಿಂದ ಈ ಕಡೆಗೆ ನಮ್ಮತ್ರ ಬಾಣಾನೇ ಇಲ್ಲ.”

ಸರ್‌ಗೆ ಹೇಳಿದೆವು. ಅವರು ಬೇಸರಪಡುವರೆಂದುಕೊಂಡರೆ ಮೊದಲಿಗಿಂತ ಹೆಚ್ಚು ಖುಷಿಯಾದರು. “ಬಾಣ ಎಲ್ಲಿಂದ ಬಂತು ಅಂತ ಹುಡುಕಿ. ಅದೇ ನಿಮ್ಮ ಪ್ರಾಜೆಕ್ಟು ಈಗ” ಎಂದರು.

ಮತ್ತೆ ನ್ಯಾಮತಿ. ಈ ಸಲ ಪ್ರಶ್ನೆ ಒಂದೇ, ಮುಗಿದುಹೋಗಿದ್ದ ಸುದ್ದಿಯನ್ನು ಮತ್ತೆ ನಿಮಗೆ ಯಾರು ಹೇಳಿದರು? ಉತ್ತರವೂ ಹೆಚ್ಚು ಕಡಿಮೆ ಒಂದೇ.

“ಯೂನಿವರ್ಸಿಟಿಯೋರೇ ಬಂದಿದ್ರಂತಲ್ಲ ಚಿರತೆ ಲೆಕ್ಕ ಹಾಕಾಕೆ” ಎಂದರು ಕಿರಾಣಿ ಅಂಗಡಿಯ ಹೆಂಗಸು.

“ಅಕ್ಕ, ಬಂದಿದ್ದು ನಾನೇ. ನಿಮ್ಮನ್ನೇ ಕೇಳಿದ್ದೆನಲ್ಲ.”

“ನೀನಲ್ಲವ್ವ. ಅವ್ರು ದೊಡ್ಡೋರು.”

“ಯಾರು ಹೇಳಿದ್ರು ನಿಮಗೆ?”

“ರಾಗಿ ಬೀಸಾಕೆ ಹೋಗಿದ್ದೆ. ಅಲ್ಲಿ ಅಂತಿದ್ರು.”

ಮುಂದಿನ ಮನೆಯವರಿಗೆ ಹೇಳಿದವರು ಗೋಧಿ ಹಿಟ್ಟು ಮಾಡಿಸಲು ಹೋಗಿದ್ದರು. ಅದರಾಚೆಯವರಿಗೆ ಹೇಳಿದವರು ಮೆಣಸಿನಕಾಯಿ ಪುಡಿ ಮಾಡಿಸಿದ್ದರು. ಗೆಳತಿ ಒಂದು ಹಾಳೆಯಲ್ಲಿ ಮನೆಗಳನ್ನು ಚುಕ್ಕೆ ಇಟ್ಟು ಬಾಣಗಳನ್ನು ಎಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪೆನ್ನು ಎತ್ತಿ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಹಾಳೆಯ ಮೇಲಿನ ಬಾಣಗಳೆಲ್ಲ ಒಂದೇ ಕಡೆಯಿಂದ ಹೊರಟಿದ್ದವು.

“ಇಲ್ಲಿ ಹಿಟ್ಟಿನ ಗಿರಣಿ ಎಷ್ಟವೆ?” ಎಂದು ಮೆಲ್ಲಗೆ ಕೇಳಿದಳು.

ನಾನು ಹಾಳೆ ಮಡಚಿಕೊಂಡು ಗಿರಣಿಯ ಕಡೆ ಹೊರಟೆ.

ಗಿರಣಿಯ ಹಿಂಬಾಗಿಲಿನಿಂದ ಹೋದೆವು. ಚೀಲಗಳ ಸಾಲಿನ ಈಚೆ ನಿಂತರೆ ಒಳಗಿರುವವರಿಗೆ ನಾವು ಕಾಣುತ್ತಿರಲಿಲ್ಲ. ಗಿರಣಿ ಭರ್ರೋ ಎಂದು ಓಡುತ್ತಿತ್ತು. ಅದರ ಮೇಲೆ ಒಂದು ದನಿ ಏರಿ ಕೇಳುತ್ತಿತ್ತು. ಅಷ್ಟು ಉದ್ದದ ವಾಕ್ಯಗಳನ್ನು ಆ ದನಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಹಾಗಾಗಿ ಅದು ಅಪ್ಪನದೆಂದು ತಿಳಿಯಲು ತುಸು ಹೊತ್ತು ಹಿಡಿಯಿತು.

“ಸುಮ್‌ಸುಮ್ನೆ ಕಳಿಸ್ತಾರೇನ್ರೀ? ಅಷ್ಟು ದೊಡ್ಡ ಯೂನಿವರ್ಸಿಟಿ! ನನ್ನ ಮಗಳನ್ನ ಆರಿಸಿ ಕಳ್ಸ್ಯಾರೆ, ಹೋಗು ನೀನೇ ಲೆಕ್ಕ ಹಾಕ್ಕಂಡು ಬಾ ಅಂತ. ಹೊನ್ನಾಳಿ, ಚನ್ನಗಿರಿ, ಜಗಳೂರು, ಎಲ್ಲಾ ಕಡೆ ತಿರುಗ್ಯಾಳೆ. ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋತು, ಪೂರ್ತಿ ಹಾಳೆ ಮೇಲೆ ಬರಕಂಡಾಳೆ!”

“ಹಂಗಾದ್ರೆ ಐತೆ ಅನ್ನು!” ಯಾರೋ ಕೂಗಿದರು.

“ಇಲ್ದಿದ್ರೆ ಲೆಕ್ಕ ಯಾಕೆ ಹಾಕ್ತಿದ್ರು?” ಅಪ್ಪ ಕೂಗಿದ.

ಗೆಳತಿ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೂ ನಗು ಬಂದಿರಬೇಕಿತ್ತು. ಆದರೆ ಕಣ್ಣು ಒರೆಸಿಕೊಂಡು, ಹಿಟ್ಟಿನ ದೂಳು ಎಂದು ಅವಳಿಗೆ ಹೇಳಿದೆ.

ಮನೆಗೆ ಬಂದು ಅಮ್ಮನ ಮುಂದೆ ರೇಗಾಡಿದೆ. “ಅಪ್ಪಾಜಿಗೆ ಯಾಕೆ ಬೇಕಿತ್ತು ಇದು? ಯಾರಿಗೂ ಏನೂ ಹೇಳದೆ ಇರ್ತಿದ್ದೋನು!”

ಅಮ್ಮ ಮಕ್ಕಳ ಹಾಜರಿ ಬರೆಯುತ್ತಿದ್ದವಳು ತಲೆ ಎತ್ತಲಿಲ್ಲ. “ನೀನು ಡಿಗ್ರಿ ಸೇರ್ದಾಗಿಂದ ಜನ ಕೇಳ್ತಾನೇ ಅವ್ರೆ, ಮಗಳು ಏನ್ ಓದ್ತಾಳೆ ಅಂತ. ನಿಮ್ಮಪ್ಪಂಗೆ ಹೇಳಾಕೆ ಬರ್ತಿರಲಿಲ್ಲ. ಲೆಕ್ಕ ಅಂದ್ರೆ ಯಾರೂ ಮುಂದಕ್ಕೆ ಕೇಳ್ತಿರಲಿಲ್ಲ. ಚಿರತೆ ಲೆಕ್ಕ ಅಂದ್ರೆ ಕೂತ್ಕಂಡು ಕೇಳ್ತಾರೆ.” ಪುಟ ತಿರುಗಿಸಿ ಸೇರಿಸಿದಳು, “ಹಿಟ್ಟಾದ್ ಮೇಲೂ ಹೋಗಲ್ಲಂತೆ.”

ಐದು ವರ್ಷ ಓದಿದ್ದನ್ನು ಅಪ್ಪನಿಗೆ ಒಂದು ಸಲವೂ ವಿವರಿಸಲು ಕೂತವಳಲ್ಲ ನಾನು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಗೋ ಒಂದು ಹಾಳೆಯಲ್ಲಿ ತನಗೆ ಅರ್ಥವಾಗುವ ಒಂದು ಪದ ಕಂಡಿತು, ಅದನ್ನು ಹಿಡಿದುಕೊಂಡ.

ಮರುದಿನ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಗಿರಣಿಗೇ ಬಂದರು. ಜನರ ಒತ್ತಾಯಕ್ಕೆ ಊರಾಚೆ ಒಂದು ಬೋನು ಇಟ್ಟಿದ್ದರು. ಚಿರತೆಗಾಗಿ ಇಟ್ಟ ಮಾಂಸಕ್ಕೆ ಒಂದು ಬೀದಿ ನಾಯಿ ಬಂದು ಸಿಕ್ಕಿಬಿದ್ದಿತ್ತು. ಬಿಟ್ಟರೆ ಮರುದಿನ ಅದೇ ನಾಯಿ ಮತ್ತೆ ಬೋನಿನಲ್ಲಿತ್ತು. ಆಮೇಲೆ ಅದು ಹೊತ್ತಿಗೆ ಸರಿಯಾಗಿ ಬಂದು ಕಾಯತೊಡಗಿತಂತೆ. ಗಾರ್ಡ್ ದಣಿದಿದ್ದರು. ಅವರು ಬಂದದ್ದಕ್ಕೆ ಅಪ್ಪ ಗಿರಣಿ ನಿಲ್ಲಿಸಿದ. ಕರೆಂಟು ಹೋಗದೆ ಗಿರಣಿ ನಿಂತದ್ದನ್ನು ನಾನು ಕಂಡದ್ದು ಅಂದೇ.

“ಮೇಡಂ, ನಿಮ್ಮ ರಿಪೋರ್ಟ್ ಪ್ರಕಾರ ಎಷ್ಟು ಚಿರತೆ ಅವೆ?” ಎಂದರು ಗಾರ್ಡ್. ಜೀವನದಲ್ಲಿ ಮೊದಲ ಬಾರಿಗೆ ನನ್ನನ್ನು ಯಾರೋ ಮೇಡಂ ಎಂದರು. ಅಪ್ಪ ನೆಟ್ಟಗೆ ನಿಂತ.

“ನಾವು ಲೆಕ್ಕ ಹಾಕಿದ್ದು ಚಿರತೆಯನ್ನಲ್ಲ ಸಾರ್. ಚಿರತೆಯ ಸುದ್ದಿಯನ್ನ.”

ಅವರು ಜೇಬಿನಿಂದ ಚಿಕ್ಕ ಪುಸ್ತಕ ತೆಗೆದರು. “ಸುದ್ದಿ ಎಷ್ಟವೆ?”

“ಒಂದೇ. ಆದರೆ ಎರಡು ಸಲ ಬಂದಿದೆ.”

“ನಮಗೆ ಒಂದು ಸಲಾನೂ ಸಿಕ್ಕಿಲ್ಲ” ಎಂದು ಅವರು ಬೆಂಚಿನ ಮೇಲೆ ಕೂತರು. ಗೆಳತಿ ಅವರಿಗೆ ಮೂರು ಗುಂಪುಗಳನ್ನೂ ಬಾಣಗಳನ್ನೂ ವಿವರಿಸಿದಳು. ಗಾರ್ಡ್ ಮರ್ಯಾದಸ್ಥರು, ಕೊನೆಯವರೆಗೂ ಕೇಳಿದರು. ಅಪ್ಪನೂ ಕೇಳಿದ. ಗಿರಣಿ ನಿಂತಿದ್ದರಿಂದ ಪ್ರತಿಯೊಂದು ಪದವೂ ಕೇಳಿಸುತ್ತಿತ್ತು. ಗಾರ್ಡ್ ಹೋದ ಮೇಲೂ ಅವನು ಸ್ವಿಚ್ ಹಾಕಲಿಲ್ಲ.

“ಅಂದ್ರೆ ನಾನು ಸೊನ್ನೆ ಅಲ್ಲ ಈಗ?” ಎಂದು ಕೇಳಿದ.

“ಅಲ್ಲ ಅಪ್ಪಾಜಿ. ಎಲ್ಲ ಬಾಣನೂ ನಿನ್ನಿಂದಾನೇ ಹೊರಟಾವೆ.”

ಇದನ್ನು ಕೇಳಿ ಅವನು ಪೆಚ್ಚಾಗುತ್ತಾನೆಂದು ನಾನು ಅಂದುಕೊಂಡಿದ್ದೆ. ಅಪ್ಪನ ಮುಖದಲ್ಲಿ ಹಿಟ್ಟಿನ ಕೆಳಗೆ ಏನೋ ಹಿಗ್ಗಿದಂತಾಯಿತು. “ಎಲ್ಲಾನೂ?” ಎಂದ.

ಹೀಗೆ ಸುದ್ದಿ ಹುಟ್ಟಿಸಿದವನನ್ನೇ ಸುದ್ದಿ ಸಾಯಿಸಲು ಬೇಡಿಕೊಳ್ಳಬೇಕಾಯಿತು. ಚಿರತೆ ಇಲ್ಲ, ಮಗಳು ಬರೀ ಸುದ್ದಿಯ ಬಗ್ಗೆ ಬರೆದದ್ದು ಎಂದು ಬಂದವರಿಗೆಲ್ಲ ಹೇಳು ಎಂದೆ. ಅಪ್ಪ ಒಪ್ಪಿಕೊಂಡ. ಮಾತಿಗೆ ತಪ್ಪುವವನಲ್ಲ, ಹೇಳಿದ. ತನ್ನ ರೀತಿಯಲ್ಲಿ ಹೇಳಿದ. ಒಂದು ವಾರದೊಳಗೆ ಅಮ್ಮ ಫೋನಿನಲ್ಲಿ ತಿಳಿಸಿದಳು, ಊರಿನಲ್ಲಿ ಈಗ ಯಾರಿಗೂ ಭಯವಿಲ್ಲ, ಗಿರಣಿಯವರ ಮಗಳು ಲೆಕ್ಕ ಹಾಕಿದ ಮೇಲೆ ಚಿರತೆ ಈ ಕಡೆ ಬಿಟ್ಟು ಹೋಯಿತಂತೆ ಎಂದು ಎಲ್ಲರೂ ಹೇಳುತ್ತಿದ್ದಾರೆ ಎಂದು. ಬೋನು ತೆಗೆದುಕೊಂಡು ಹೋದರು. ನಾಯಿ ಕೆಲವು ದಿನ ಆ ಜಾಗದಲ್ಲಿ ಸುಳಿದಾಡಿತಂತೆ. ಗ್ರಾಫಿನಲ್ಲಿ ಎರಡನೆಯ ಗುಡ್ಡ ಕಡಿದಾಗಿ ಇಳಿಯಿತು.

ಆ ಬಾಣವನ್ನು ವರದಿಯಲ್ಲಿ ಹೇಗೆ ಬರೆಯುವುದು ಎಂಬ ತಲೆನೋವು ಉಳಿಯಿತು.

“ನಿಮ್ಮಪ್ಪಾಜಿ ಹೆಸರು ಹಾಕಂಗಿಲ್ಲ” ಎಂದಳು ಗೆಳತಿ. “ಗ್ರೀಕ್ ಅಕ್ಷರ ಹಾಕಾಣ. ಯಾವುದು ಉಳಿದೈತೆ?”

ಆಲ್ಫಾ, ಬೀಟಾ, ಗಾಮಾ ಮುಗಿದಿದ್ದವು. ಡೆಲ್ಟಾ ಹಾಕಿದೆವು. ‘ಡೆಲ್ಟಾ ಎಂದರೆ ಮಾಪನದಿಂದಲೇ ಉಂಟಾಗುವ ಮರುಚಾಲನೆಯ ದರ’ ಎಂದು ಗಂಭೀರವಾಗಿ ಬರೆದೆವು. ಹಾಸ್ಟೆಲ್ಲಿನಲ್ಲಿ ನಾವಿಬ್ಬರೇ ಇದ್ದಾಗ ಅದನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದೆವು. “ಅಪ್ಪಾಜಿ ಬೆಲೆ ಸೊನ್ನೆ ಅಂತ ಇಟ್ರೆ ಸುದ್ದಿ ಸಾಯ್ತದೆ”, “ಅಪ್ಪಾಜಿ ಸ್ವಲ್ಪ ಜಾಸ್ತಿ ಆದ್ರೂ ಊರು ಹೊತ್ಕಂಡ್ ಉರಿತೈತೆ” ಎಂದು ಅವಳು ಕಂಪ್ಯೂಟರ್ ಮುಂದೆ ಕೂತು ಹೇಳುವಾಗ ಪಕ್ಕದ ಹುಡುಗಿಯರು ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದರು.

ವೈವಾಕ್ಕೆ ಹೊರಗಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ಬೆಳ್ಳಿ ಕೂದಲು, ಕಡಿಮೆ ಮಾತು. ವರದಿಯ ಪುಟಗಳನ್ನು ಹಿಂದೆ ಮುಂದೆ ತಿರುಗಿಸಿ ಡೆಲ್ಟಾದ ಮೇಲೆ ಬೆರಳಿಟ್ಟರು.

“ಈ ಪದ ಬೇರೆ ಯಾರೂ ಬಳಸಿಲ್ಲ. ಇದರ ಬೆಲೆ ಹೇಗೆ ತೆಗೆದಿರಿ?”

“ಹಿಟ್ಟಿನ ಗಿರಣಿಯಲ್ಲಿ ನಿಂತು ಸರ್” ಎಂದಳು ಗೆಳತಿ. ನಮ್ಮ ಸರ್ ಕೆಮ್ಮಿದರು.

ನಾನು ಬೋರ್ಡಿನ ಹತ್ತಿರ ಹೋಗಿ ಎಲ್ಲವನ್ನೂ ವಿವರಿಸಿದೆ. ಸುದ್ದಿ ಸತ್ತದ್ದು, ನಾವು ಹೋಗಿ ಕೇಳಿದ್ದರಿಂದಲೇ ಅದು ಎದ್ದದ್ದು, ಕೇಳದವರನ್ನು ಹುಡುಕಲು ಹೋಗಿ ನಾವೇ ಅವರನ್ನು ಇಲ್ಲವಾಗಿಸಿದ್ದು. ಗಿರಣಿ ಯಾರದು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಪರೀಕ್ಷಕರು ಕೆಲವು ಕಠಿಣ ಪ್ರಶ್ನೆ ಕೇಳಿದರು. ಕೆಲವಕ್ಕೆ ಉತ್ತರ ಗೊತ್ತಿತ್ತು, ಕೆಲವಕ್ಕೆ ‘ಅಂದುಕೊಂಡಿದ್ದೇವೆ ಸರ್’ ಎಂದೆವು. ಕೊನೆಗೆ ಅವರು ಪೆನ್ನಿನ ಮುಚ್ಚಳ ಹಾಕಿ, ವರದಿಯನ್ನು ಪಕ್ಕಕ್ಕಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಅದಿರ್ಲಿ. ನಮ್ಮ ಮಾವನವರ ಮನೆ ಹೊನ್ನಾಳಿ. ಅಲ್ಲಿ ಎರಡು ಮರಿ ಅವೆ ಅಂತಾರೆ. ನಿಜವಾಗ್ಲೂ ಐತೇನಮ್ಮ?”

ನಮಗೆ ಒಳ್ಳೆಯ ಅಂಕ ಬಂತು. ಎರಡನೆಯ ಗುಡ್ಡ ಇಳಿದದ್ದಕ್ಕೆ ನಮ್ಮ ಸಮೀಕರಣ ಕೊಟ್ಟ ಕಾರಣ ಬೇರೆ, ನ್ಯಾಮತಿಯಲ್ಲಿ ಎಲ್ಲರೂ ನಂಬಿದ ಕಾರಣ ಬೇರೆ. ಎರಡೂ ಗ್ರಾಫಿಗೆ ಅಷ್ಟೇ ಚೆನ್ನಾಗಿ ಹೊಂದುತ್ತಿದ್ದವು ಎಂಬುದನ್ನು ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ಈಗ ನಾನು ಜಗಳೂರಿನಲ್ಲಿ ಪಾಠ ಮಾಡುತ್ತೇನೆ. ಗೆಳತಿ ಚನ್ನಗಿರಿಯಲ್ಲಿ. ಅವಳ ಕ್ಲಾಸಿನಲ್ಲಿ ಊರನ್ನು ಚೌಕವಾಗಿ ಬರೆದ ಮೇಲೆ ನಡುವೆ ಒಂದು ಗೆರೆ ಎಳೆದೇ ಮುಂದುವರಿಯುತ್ತಾಳಂತೆ; ಲೆಕ್ಕ ಕಷ್ಟವಾಗುತ್ತದೆ, ಆದರೂ ಬಿಡುವುದಿಲ್ಲ. ಅಪ್ಪ ಗಿರಣಿ ನಡೆಸುತ್ತಲೇ ಇದ್ದಾನೆ. ಮನೆಯಲ್ಲಿ ಈಗಲೂ ಮಾತು ಕಡಿಮೆ. ಆದರೆ ನಾನು ಹೋದಾಗ ಊಟದ ಹೊತ್ತಿಗೆ, “ಈಗ ಯಾವುದು ಲೆಕ್ಕ ಮಾಡ್ತಿದೀಯ?” ಎಂದು ಕೇಳುತ್ತಾನೆ. ನಾನು ಹೇಳುತ್ತೇನೆ. ಅರ್ಧಕ್ಕರ್ಧ ತಿಳಿಯುವುದಿಲ್ಲ, ಉಳಿದರ್ಧ ಮರುದಿನ ಗಿರಣಿಯಲ್ಲಿ ಬೇರೆಯೇ ಆಕಾರ ಪಡೆದಿರುತ್ತದೆ.

ನನ್ನ ನಂಬರನ್ನು ಅವನು ಯಾರು ಯಾರಿಗೆ ಕೊಟ್ಟಿದ್ದಾನೋ ಲೆಕ್ಕವಿಲ್ಲ. ಕಳೆದ ತಿಂಗಳು ಕತ್ತಲಗೆರೆ ಕಡೆಯ ಹೆಂಗಸೊಬ್ಬರು ಫೋನ್ ಮಾಡಿದ್ದರು. ಮಂಗಗಳ ಕಾಟ, ಹೆಂಚು ಉಳಿಯುತ್ತಿಲ್ಲ, ಕಾಯಿಪಲ್ಲೆ ಉಳಿಯುತ್ತಿಲ್ಲ.

“ನ್ಯಾಮತಿ ಗಿರಣಿಯೋರು ಕೊಟ್ರು ನಂಬರ್ನ. ನೀವು ಲೆಕ್ಕ ಹಾಕಿದ್ರೆ ಹೋಗ್ತಾವಂತಲ್ರೀ ಮೇಡಂ?”

ಹಾಗೆಲ್ಲ ಆಗುವುದಿಲ್ಲಮ್ಮ, ಲೆಕ್ಕಕ್ಕೂ ಮಂಗಕ್ಕೂ ಸಂಬಂಧವಿಲ್ಲ, ಅದೆಲ್ಲ ಬರೀ ಸುದ್ದಿ ಎಂದು ಬಿಡಿಸಿ ಹೇಳಿದೆ. ಅವರು ಎಲ್ಲಕ್ಕೂ ಹ್ಞೂಂ ಹ್ಞೂಂ ಎಂದರು. ಫೋನ್ ಇಡಲಿಲ್ಲ. ಆ ಕಡೆ ಹೆಂಚಿನ ಮೇಲೆ ಏನೋ ದಡಬಡ ಎಂದು ಓಡಿದ ಸದ್ದು ಕೇಳಿಸಿತು.

ನಾನು ಪೆನ್ನು ತೆಗೆದುಕೊಂಡೆ. “ಎಷ್ಟು ಹೊತ್ತಿಗೆ ಬರ್ತಾವೆ ಅವು?” ಎಂದು ಕೇಳಿದೆ.